ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತುವುದಿಲ್ಲ ಅಂತಲ್ಲ

ಫ್ಲೇಮಬಲ್, ಇನ್‌ಫ್ಲೇಮಬಲ್. ಎರಡಕ್ಕೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹವನ್ನು ಅರ್ಧಕ್ಕೇ ಬಿಟ್ಟು ಹೋಗುವವರಿಗೂ ಇಷ್ಟಾದರೂ ಗೊತ್ತಿರಬೇಕು.

ನಾನು ಪೀಣ್ಯ ಕಡೆಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಪೇಂಟಿಂಗ್ ವಿಭಾಗ ದೊಡ್ಡದು. ಹಾಗಾಗಿ ಬಣ್ಣ ತೆಳುಮಾಡಲು ಬಳಸುವ ಥಿನ್ನರ್, ಟೊಲುಯೀನ್, ಅಸಿಟೋನ್ ತರದ ದ್ರವಗಳು ದಿನಾ ಡ್ರಮ್‌ಗಟ್ಟಲೆ ಬರುತ್ತವೆ, ಹೋಗುತ್ತವೆ. ಹೊಸಬರು ಕೆಲಸಕ್ಕೆ ಸೇರಿದಾಗ ಮೊದಲ ದಿನದ ತರಬೇತಿ ನನ್ನದು. ಅಲ್ಲಿ ನಾನು ಎರಡು ಲೇಬಲ್ ತೋರಿಸುತ್ತೇನೆ. ಒಂದರಲ್ಲಿ ‘ಫ್ಲೇಮಬಲ್’, ಇನ್ನೊಂದರಲ್ಲಿ ‘ಇನ್‌ಫ್ಲೇಮಬಲ್’. ಎರಡೂ ನಮ್ಮ ಸ್ಟೋರ್‌ಗೆ ನಿಜವಾಗಿ ಬಂದ ಡ್ರಮ್‌ಗಳಿಂದ ತೆಗೆದವು. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಯಾವ ಡ್ರಮ್ ಪಕ್ಕ ವೆಲ್ಡಿಂಗ್ ಮಾಡಬಹುದು?

ಇಂಗ್ಲಿಷ್ ಅಷ್ಟಾಗಿ ಬಾರದವರು ಸುಮ್ಮನಿರುತ್ತಾರೆ, ಇಲ್ಲಾಂದ್ರೆ “ಎರಡೂ ಬೇಡ ಸಾರ್” ಅನ್ನುತ್ತಾರೆ. ಉತ್ತರ ಕೊಡುವವರು ಐಟಿಐ, ಡಿಪ್ಲೊಮಾ ಮುಗಿಸಿ ಬಂದ ಹುಡುಗರು. ಅವರಲ್ಲಿ ಯಾರಾದರೂ ಒಬ್ಬರು ಧೈರ್ಯವಾಗಿ ಹೇಳುತ್ತಾರೆ:

“ಇನ್‌ಫ್ಲೇಮಬಲ್ ಇರೋದ್ರ ಹತ್ರ ಮಾಡ್ಬಹುದು ಸಾರ್. ಅದು ಹತ್ಕೊಳಲ್ಲ.”

“ಹೇಗೆ ಗೊತ್ತಾಯ್ತು?”

“ಇನ್ ಇದ್ಯಲ್ಲ ಸಾರ್. ಕರೆಕ್ಟ್, ಇನ್‌ಕರೆಕ್ಟ್. ಆಕ್ಟಿವ್, ಇನ್‌ಆಕ್ಟಿವ್. ಹಂಗೇ ಇದೂ.”

ಈ ಉತ್ತರ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದೆ. ಯಾಕೆಂದರೆ ಆ ಹುಡುಗ ಬಳಸಿದ ನಿಯಮ ಸರಿಯಾಗಿಯೇ ಇದೆ. ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದನ್ನು ಅವನು ನೆನಪಿಟ್ಟುಕೊಂಡು, ಗೊತ್ತಿಲ್ಲದ ಪದಕ್ಕೆ ಹಚ್ಚಿ, ಅರ್ಥ ತೆಗೆದಿದ್ದಾನೆ. ಓದುವವರಿಂದ ನಾವು ಬಯಸುವುದೂ ಅದನ್ನೇ ಅಲ್ವಾ? ಏನೂ ಓದಲು ಬಾರದವನು ಡ್ರಮ್‌ನಿಂದ ದೂರ ನಿಲ್ಲುತ್ತಾನೆ. ಓದಿ, ಯೋಚಿಸಿ, ಅರ್ಥ ಮಾಡಿಕೊಂಡವನು ಡ್ರಮ್ ಪಕ್ಕಕ್ಕೆ ಹೋಗುತ್ತಾನೆ. ಎಚ್ಚರಿಕೆ ಕೊಡಬೇಕಾದ ಪದವೇ ಹೀಗೆ ಮಾಡಿದರೆ ತಪ್ಪು ಆ ಹುಡುಗನದಲ್ಲ, ಬೋರ್ಡಿನದು. ನನ್ನ ಕೆಲಸದಲ್ಲಿ ಇದನ್ನು ಹೇಳಿ ಒಪ್ಪಿಸುವುದಕ್ಕೇ ಬಹಳ ಸಮಯ ಹೋಗುತ್ತದೆ.

ಈ ಗೊಂದಲ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಲ್ಯಾಟಿನ್‌ಗೆ ಹೋಗಿ ನಿಲ್ಲುತ್ತೇವೆ. ಲ್ಯಾಟಿನ್‌ನಲ್ಲಿ ‘ಇನ್’ ಅನ್ನುವ ಮುಂಗೂಡುವ ತುಣುಕು ಎರಡಿವೆ. ಕೇಳಲಿಕ್ಕೆ ಒಂದೇ, ಹುಟ್ಟು ಬೇರೆ. ಒಂದು ‘ಇನ್’ ಅಂದರೆ ‘ಅಲ್ಲ’, ‘ಇಲ್ಲ’. ಇದು ನಮ್ಮ ಅನಂತ, ಅನಾರೋಗ್ಯ ಇವುಗಳಲ್ಲಿರುವ ಸಂಸ್ಕೃತದ ‘ಅನ್’ಗೆ ಹತ್ತಿರದ ನೆಂಟ. ಇಂಗ್ಲಿಷಿನ ‘ಅನ್‌ಹ್ಯಾಪಿ’ಯ ‘ಅನ್’ ಕೂಡ ಅದೇ ಮನೆತನದ್ದು. ಇನ್ನೊಂದು ‘ಇನ್’ ಅಂದರೆ ‘ಒಳಗೆ’, ‘ಒಳಕ್ಕೆ’. ಕೆಲವು ಪದಗಳಲ್ಲಿ ಅದು ಕೆಲಸಕ್ಕೆ ಸ್ವಲ್ಪ ಒತ್ತು ಕೊಡಲಷ್ಟೇ ಬರುತ್ತದೆ.

ಕಾರ್ಖಾನೆಯಲ್ಲಿ ಈ ಎರಡನೇ ‘ಇನ್’ ದಿನವಿಡೀ ಬಾಯಲ್ಲಿರುತ್ತದೆ. ಇಂಜೆಕ್ಷನ್ ಮೋಲ್ಡಿಂಗ್ ಅಂದಾಗ ಪ್ಲಾಸ್ಟಿಕ್ಕನ್ನು ಅಚ್ಚಿನ ಒಳಕ್ಕೆ ತಳ್ಳುತ್ತೇವೆ. ಇನ್ಸರ್ಟ್ ಅಂದರೆ ಒಳಗೆ ಕೂರಿಸುವುದು. ಇನ್‌ಹೇಲ್ ಅಂದರೆ ಉಸಿರು ಒಳಗೆಳೆಯುವುದು. ಇವು ಯಾವುದರಲ್ಲೂ ‘ಇಲ್ಲ’ ಅನ್ನುವ ಅರ್ಥವೇ ಇಲ್ಲ. ಆದರೆ ಯಾರೂ ಇವನ್ನು ಬಿಡಿಸಿ ನೋಡುವುದಿಲ್ಲ, ಇಡೀ ಪದವಾಗಿಯೇ ಕಲಿತಿರುತ್ತೇವೆ.

ಇನ್ನೂ ತೊಡಕಿನ ಸಂಗತಿ ಅಂದರೆ ಎರಡೂ ‘ಇನ್’ಗಳು ಮುಂದಿನ ಅಕ್ಷರಕ್ಕೆ ತಕ್ಕಂತೆ ಒಂದೇ ರೀತಿ ರೂಪ ಬದಲಿಸುತ್ತವೆ. ಇಂಪಾಸಿಬಲ್‌ನಲ್ಲಿ ‘ಇಮ್’ ಅಂದರೆ ಅಲ್ಲ, ಇಂಪೋರ್ಟ್‌ನಲ್ಲಿ ‘ಇಮ್’ ಅಂದರೆ ಒಳಕ್ಕೆ. ಇಲ್ಲೀಗಲ್‌ನಲ್ಲಿ ‘ಇಲ್’ ಅಂದರೆ ಅಲ್ಲ, ಇಲ್ಯುಮಿನೇಷನ್‌ನಲ್ಲಿ ‘ಇಲ್’ ಬೆಳಕು ತುಂಬುವ ಕಡೆಯದು. ಇರ್ರೆಗ್ಯುಲರ್‌ನಲ್ಲಿ ‘ಇರ್’ ಅಂದರೆ ಅಲ್ಲ, ಇರಿಗೇಷನ್‌ನಲ್ಲಿ ‘ಇರ್’ ಅಂದರೆ ಹೊಲದೊಳಕ್ಕೆ ನೀರು ಹಾಯಿಸುವುದು. ದಸರಾ ದೀಪಾಲಂಕಾರಕ್ಕೆ ಇಲ್ಯುಮಿನೇಷನ್ ಅನ್ನುತ್ತೇವೆ, ನೀರಾವರಿಗೆ ಇರಿಗೇಷನ್ ಅನ್ನುತ್ತೇವೆ. ಅವುಗಳ ಒಳಗೂ ಈ ಎರಡನೇ ‘ಇನ್’ ಅಡಗಿದೆ ಅಂತ ಹೇಳಿದಾಗ ತರಬೇತಿಯಲ್ಲಿ ಕೂತವರ ಕಣ್ಣು ಸ್ವಲ್ಪ ಅಗಲವಾಗುತ್ತದೆ.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಸಿಕ್ಕ ಒಳ್ಳೆಯ ದಾರಿ ‘ವಿ’. ವಿಫಲ ಅಂದರೆ ಫಲ ಸಿಗದ್ದು. ಹಾಗಂತ ವಿಖ್ಯಾತ ಅಂದರೆ ಹೆಸರಿಲ್ಲದವನು ಅಂತ ಹೇಳುತ್ತೇವಾ? ವಿಖ್ಯಾತ ಅಂದರೆ ತುಂಬಾ ಹೆಸರಾದವನು. ಒಂದೇ ‘ವಿ’ ಒಂದು ಕಡೆ ಕಳೆಯುತ್ತದೆ, ಇನ್ನೊಂದು ಕಡೆ ಕೂಡಿಸುತ್ತದೆ. ಹೊಸದಾಗಿ ಕನ್ನಡ ಕಲಿಯುವವರು ಇಲ್ಲಿ ಎಡವಿದರೆ ಅವರನ್ನು ದಡ್ಡರು ಅನ್ನುವುದಿಲ್ಲ ನಾವು.

ಇನ್‌ಫ್ಲೇಮಬಲ್ ಪದವನ್ನು ಎಲ್ಲಿ ತುಂಡು ಮಾಡುತ್ತೇವೆ ಅನ್ನುವುದೇ ಇಲ್ಲಿ ಮುಖ್ಯ. ಲ್ಯಾಟಿನ್‌ನಲ್ಲಿ ‘ಫ್ಲಾಮ’ ಅಂದರೆ ಜ್ವಾಲೆ. ಅದಕ್ಕೆ ‘ಒಳಕ್ಕೆ’ ಅನ್ನುವ ಇನ್ ಸೇರಿ ‘ಇನ್‌ಫ್ಲಾಮಾರೆ’ ಅನ್ನುವ ಕ್ರಿಯಾಪದ ಆಯಿತು: ಬೆಂಕಿ ಹಚ್ಚುವುದು, ಹೊತ್ತಿಸುವುದು. ಇಂಗ್ಲಿಷಿನ ‘ಇನ್‌ಫ್ಲೇಮ್’ ಅದರಿಂದಲೇ ಬಂದದ್ದು. ಆಮೇಲೆ ಅದರ ಬಾಲಕ್ಕೆ ‘ಏಬಲ್’ ಸೇರಿತು. ಅಂದರೆ ‘ಇನ್‌ಫ್ಲೇಮ್’ ಮಾಡಲು ಬರುವಂಥದ್ದು, ಹೊತ್ತಿಸಬಹುದಾದದ್ದು. ಕತ್ತರಿ ಹಾಕಬೇಕಾದದ್ದು ಬಾಲದ ಹತ್ತಿರ. ಆದರೆ ಓದುವವರು ತಲೆಯ ಹತ್ತಿರ ಹಾಕುತ್ತಾರೆ: ‘ಇನ್’ ಒಂದು ಕಡೆ, ‘ಫ್ಲೇಮಬಲ್’ ಇನ್ನೊಂದು ಕಡೆ. ಅದಕ್ಕೂ ಕಾರಣ ಇದೆ. ಇನ್‌ಕ್ಯೂರಬಲ್, ಇನ್‌ಸೆಪರಬಲ್ ತರದ ಪದಗಳಲ್ಲಿ ಮುಂದೆ ‘ಇನ್’, ಹಿಂದೆ ‘ಏಬಲ್’ ಇದ್ದರೆ ಆ ‘ಇನ್’ ಬಹುಮಟ್ಟಿಗೆ ‘ಅಲ್ಲ’ ಅನ್ನುವುದೇ. ಇನ್‌ಫ್ಲೇಮಬಲ್ ಆ ಸಾಲಿನಲ್ಲಿ ನಿಂತು ಬೇರೆ ಅರ್ಥ ಕೊಡುತ್ತದೆ. ಹಾಗಾಗಿ ಇಂಗ್ಲಿಷನ್ನು ಹುಟ್ಟಿನಿಂದ ಆಡುವವರೂ ಇಲ್ಲಿ ಎಡವುತ್ತಾರೆ. ಇದು ನಮ್ಮ ಹುಡುಗರದ್ದು ಮಾತ್ರವಲ್ಲ.

ಆಸ್ಪತ್ರೆಗೆ ಹೋದವರಿಗೆ ಈ ಪದದ ಇನ್ನೊಬ್ಬ ನೆಂಟ ಗೊತ್ತಿರುತ್ತದೆ. ಇನ್‌ಫ್ಲಮೇಷನ್. ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಉರಿಯುವುದು. ಕನ್ನಡದಲ್ಲಿ ಅದನ್ನು ಉರಿಯೂತ ಅನ್ನುತ್ತೇವೆ. ಬೆಂಕಿ ಅಲ್ಲೂ ಇದೆ, ಇಲ್ಲೂ ಇದೆ. ನಮ್ಮ ಪ್ರಥಮ ಚಿಕಿತ್ಸಾ ಕೊಠಡಿಯ ಸಿಸ್ಟರ್ ಇದನ್ನು ಒಮ್ಮೆ ತರಬೇತಿಯಲ್ಲಿ ಹೇಳಿದರು: “ಗಾಯ ಇನ್‌ಫ್ಲೇಮ್ ಆಗಿದೆ ಅಂದ್ರೆ ಉರಿತಾ ಇಲ್ಲ ಅಂತಾನಾ?” ನನ್ನ ಲ್ಯಾಟಿನ್ ವಿವರಣೆಗಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು. ಈಗ ಪ್ರತಿ ತರಬೇತಿಗೂ ಅವರನ್ನು ಕರೆಯುತ್ತೇನೆ.

ಎರಡು ಪದಗಳಲ್ಲಿ ಹಿರಿದು ಇನ್‌ಫ್ಲೇಮಬಲ್. ‘ಬೆಂಕಿ ಹತ್ತುವಂಥದ್ದು’ ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಅದು 1600ರ ಸುಮಾರಿನಿಂದ ಇದೆ. ವಿಜ್ಞಾನಿಗಳು ಅದನ್ನೇ ಬಳಸುತ್ತಿದ್ದರು. 1766ರಲ್ಲಿ ಹೆನ್ರಿ ಕ್ಯಾವೆಂಡಿಶ್ ಲೋಹದ ಮೇಲೆ ಆಮ್ಲ ಹಾಕಿ ಬಂದ ಅನಿಲವನ್ನು ಪರೀಕ್ಷಿಸಿ ವರದಿ ಮಾಡಿದಾಗ ಅದನ್ನು ‘ಇನ್‌ಫ್ಲೇಮಬಲ್ ಏರ್’ ಅಂದ, ಉರಿಯುವ ಗಾಳಿ. ಅದಕ್ಕೆ ಹೈಡ್ರೋಜನ್ ಅನ್ನುವ ಹೆಸರು ಬಂದದ್ದು ಆಮೇಲೆ, ಫ್ರೆಂಚ್ ವಿಜ್ಞಾನಿ ಲವಾಸಿಯೇ ಕಾಲದಲ್ಲಿ. ಇನ್‌ಫ್ಲೇಮಬಲ್ ಅಂದರೆ ಉರಿಯದ್ದು ಅಂತ ಓದುವವರಿಗೆ ನಾನು ಹೈಡ್ರೋಜನ್ನಿನ ಈ ಹಳೆಯ ಹೆಸರನ್ನು ನೆನಪಿಸುತ್ತೇನೆ. ಹೈಡ್ರೋಜನ್‌ನಷ್ಟು ಸುಲಭವಾಗಿ ಹೊತ್ತಿಕೊಳ್ಳುವ ಅನಿಲಗಳು ಕಡಿಮೆ.

ಫ್ಲೇಮಬಲ್ ಅನ್ನುವುದು 1813ರ ಹೊತ್ತಿಗೆ ಕಾಣಿಸಿಕೊಂಡ ಪದ. ಸುಮಾರು ನೂರು ವರ್ಷ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಅದಕ್ಕೆ ಜೀವ ತುಂಬಿದವರು ಬೆಂಕಿ ತಡೆಯುವ ಕೆಲಸದವರು. ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1896ರಲ್ಲಿ ಶುರುವಾದ ಸಂಸ್ಥೆ. 1920ರ ದಶಕದಲ್ಲಿ ಅದು ಇನ್‌ಫ್ಲೇಮಬಲ್ ಬಿಟ್ಟು ಫ್ಲೇಮಬಲ್ ಬಳಸಿ ಅಂತ ಹೇಳಲು ಶುರು ಮಾಡಿತು. 1959ರಲ್ಲಿ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಕೂಡ ಅದೇ ನಿಲುವು ತೆಗೆದುಕೊಂಡಿತು. ಗೊಂದಲ ಬೇಡ, ಉರಿಯುವುದಕ್ಕೆ ಫ್ಲೇಮಬಲ್, ಉರಿಯದ್ದಕ್ಕೆ ನಾನ್‌ಫ್ಲೇಮಬಲ್ ಅನ್ನೋಣ ಅಂತ. ಒಂದು ಪದವನ್ನು ಪಂಡಿತರು ಹೇಳಿದರು ಅಂತ ಜನ ಬಿಡುವುದು ಅಪರೂಪ. ಇಲ್ಲಿ ಇಂಜಿನಿಯರುಗಳು, ಅಗ್ನಿಶಾಮಕದವರು, ವಿಮೆ ಕಂಪನಿಯವರು ಸೇರಿ ಪದ ಬದಲಿಸಿದರು. ನನ್ನ ವೃತ್ತಿಯ ಹಿರಿಯರು ಮಾಡಿದ ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಈಗ ಜಗತ್ತಿನ ಬಹುಪಾಲು ದೇಶಗಳು ಒಪ್ಪಿರುವ ರಾಸಾಯನಿಕ ಲೇಬಲ್ ಪದ್ಧತಿ ಇದೆಯಲ್ಲ, ವಿಶ್ವಸಂಸ್ಥೆ 2003ರಲ್ಲಿ ಮೊದಲು ಹೊರತಂದದ್ದು, ಅದರ ಇಂಗ್ಲಿಷ್ ಪಠ್ಯದಲ್ಲೂ ಇರುವುದು ಫ್ಲೇಮಬಲ್. ಎಚ್225 ಅನ್ನುವ ಸಂಕೇತ ಕಂಡರೆ ‘ಹೈಲಿ ಫ್ಲೇಮಬಲ್ ಲಿಕ್ವಿಡ್ ಅಂಡ್ ವೇಪರ್’ ಅಂತ ಓದಿಕೊಳ್ಳಬೇಕು. ಟೊಲುಯೀನ್, ಅಸಿಟೋನ್ ಎರಡಕ್ಕೂ ಇದೇ ಸಂಕೇತ.

ಫ್ರೆಂಚರಿಗೆ ಈ ತಲೆನೋವಿಲ್ಲ. ಅವರಲ್ಲಿ ಉರಿಯುವುದಕ್ಕೆ ‘ಇನ್‌ಫ್ಲಾಮಾಬ್ಲ್’ ಒಂದೇ, ಉರಿಯದ್ದಕ್ಕೆ ಅದರ ಮುಂದೆ ಇನ್ನೊಂದು ‘ಇನ್’ ಸೇರಿಸುತ್ತಾರೆ. ಸ್ಪ್ಯಾನಿಷಿನಲ್ಲೂ ಉರಿಯುವುದು ‘ಇನ್‌ಫ್ಲಾಮಾಬ್ಲೆ’. ಆಮದಾದ ಡ್ರಮ್‌ಗಳ ಮೇಲೆ ಈ ಭಾಷೆಗಳ ಲೇಬಲ್ ಇದ್ದರೆ ನಮ್ಮವರು ಮತ್ತೆ ಗೊಂದಲಕ್ಕೆ ಬೀಳಬಹುದು, ಅದಕ್ಕೇ ಹೇಳಿದೆ.

ಭಾರತದಲ್ಲಿ ಹಳೆಯ ಪದ ಗಟ್ಟಿಯಾಗಿ ಉಳಿದಿದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಸೆಕ್ಷನ್ನಿನ ತಲೆಬರಹದಲ್ಲೇ ‘ಇನ್‌ಫ್ಲೇಮಬಲ್’ ಇತ್ತು. ಉರಿಯುವ ಧೂಳು, ಅನಿಲದ ಬಗ್ಗೆ ಹೇಳುವ ಸೆಕ್ಷನ್ ಅದು. 1952ರಲ್ಲಿ ಒಂದು ಕಾಯ್ದೆಯೇ ಬಂತು, ಅದರ ಹೆಸರೇ ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆಕ್ಟ್. ತುಮಕೂರು ರಸ್ತೆಯಲ್ಲಿ ಟ್ಯಾಂಕರ್ ಹಿಂದೆ ನಿಂತಾಗ ನೋಡಿ. ‘ಹೈಲಿ ಇನ್‌ಫ್ಲೇಮಬಲ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದರ ಜತೆಗೆ ಒಂದು ಫಲಕವೂ ಇರುತ್ತದೆ, ಅದರಲ್ಲಿ ನಾಲ್ಕು ಅಂಕಿಯ ಸಂಖ್ಯೆ. 1203 ಅಂದರೆ ಪೆಟ್ರೋಲ್, 1202 ಅಂದರೆ ಡೀಸೆಲ್. ಆ ಸಂಖ್ಯೆಯಲ್ಲಿ ಯಾವ ಗೊಂದಲವೂ ಇಲ್ಲ, ಅಗ್ನಿಶಾಮಕದವರು ಮೊದಲು ನೋಡುವುದೂ ಅದನ್ನೇ. ಪಕ್ಕದಲ್ಲಿ ಬೈಕ್ ನಿಲ್ಲಿಸಿ ಸಿಗರೇಟ್ ಹಚ್ಚುವವನು ಮಾತ್ರ ಅಕ್ಷರವನ್ನು ಓದುತ್ತಾನೆ.

ಪದ ನೋಡಿ ಮೋಸ ಹೋಗುವುದರ ಬಗ್ಗೆ ನನ್ನ ಮಟ್ಟಿಗೆ ಎಲ್ಲರಿಗಿಂತ ಚೆನ್ನಾಗಿ ಯೋಚಿಸಿದವನು ಅಮೆರಿಕದ ಭಾಷಾವಿಜ್ಞಾನಿ ಬೆಂಜಮಿನ್ ಲೀ ವೋರ್ಫ್. ಭಾಷಾವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಆದರೆ ಅವನ ಹೊಟ್ಟೆಪಾಡಿನ ಕೆಲಸ ಏನಿತ್ತು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಅವನು ಎಂಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ, 1919ರಿಂದ 1941ರಲ್ಲಿ ತೀರಿಕೊಳ್ಳುವವರೆಗೆ ಹಾರ್ಟ್‌ಫರ್ಡ್ ಫೈರ್ ಇನ್ಶೂರೆನ್ಸ್ ಕಂಪನಿಯಲ್ಲಿ ಬೆಂಕಿ ತಡೆಯುವ ಇಂಜಿನಿಯರ್ ಆಗಿದ್ದ. ಕಾರ್ಖಾನೆಗಳಿಗೆ ಹೋಗಿ, ಬೆಂಕಿ ಯಾಕೆ ಬಿತ್ತು ಅಂತ ನೋಡಿ, ವರದಿ ಬರೆಯುವ ಕೆಲಸ. ಆ ವರದಿಗಳಲ್ಲಿ ಅವನಿಗೆ ಒಂದು ಸಂಗತಿ ಕಂಡಿತು. ತಂತಿ, ಗಾಳಿ, ಕಿಡಿ ಇವುಗಳ ಜತೆಗೆ ಹೆಸರು ಕೂಡ ಬೆಂಕಿಗೆ ಕಾರಣವಾಗುತ್ತದೆ.

ಅವನು ಕೊಟ್ಟ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಮರವನ್ನು ಕಾಯಿಸಿ ರಾಸಾಯನಿಕ ಇಳಿಸುವ ಒಂದು ಕಾರ್ಖಾನೆ. ಅಲ್ಲಿನ ಲೋಹದ ಪಾತ್ರೆಗಳ ಹೊರಮೈಗೆ ಸುಣ್ಣಕಲ್ಲಿನಿಂದ ಮಾಡಿದ ಹೊದಿಕೆ ಹಾಕಿದ್ದರು, ಶಾಖ ಹೊರಗೆ ಹೋಗದಿರಲಿ ಅಂತ. ಅದರ ಹೆಸರಿನಲ್ಲೇ ಕಲ್ಲು ಇತ್ತು. ಕಲ್ಲಿಗೆಲ್ಲಿ ಬೆಂಕಿ ಹತ್ತುತ್ತದೆ ಅಂತ ಯಾರೂ ಅದನ್ನು ಉರಿಯಿಂದ ಕಾಪಾಡುವ ಯೋಚನೆ ಮಾಡಲಿಲ್ಲ. ಒಂದು ದಿನ ಪಾತ್ರೆಯ ಕೆಳಗಿನ ಬೆಂಕಿ ಆ ‘ಕಲ್ಲಿಗೆ’ ತಗುಲಿ ಧಗಧಗ ಉರಿಯಿತು. ಆಗಿದ್ದೇನೆಂದರೆ, ಒಳಗಿನಿಂದ ಬರುತ್ತಿದ್ದ ಅಸಿಟಿಕ್ ಆಮ್ಲದ ಹೊಗೆ ಸುಣ್ಣಕಲ್ಲಿನ ಸ್ವಲ್ಪ ಭಾಗವನ್ನು ಕ್ಯಾಲ್ಸಿಯಂ ಅಸಿಟೇಟ್ ಮಾಡಿತ್ತು. ಅದನ್ನು ಕಾಯಿಸಿದರೆ ಅಸಿಟೋನ್ ಬರುತ್ತದೆ. ಅಸಿಟೋನ್ ಹೇಗೆ ಉರಿಯುತ್ತದೆ ಅಂತ ನಮ್ಮ ಪೇಂಟ್ ಶಾಪ್‌ನವರನ್ನು ಕೇಳಿ.

ಅವನ ಇನ್ನೊಂದು ಉದಾಹರಣೆ ಖಾಲಿ ಪೆಟ್ರೋಲ್ ಡ್ರಮ್. ತುಂಬಿದ ಡ್ರಮ್ ಇಟ್ಟ ಜಾಗದಲ್ಲಿ ಜನ ಹುಷಾರಾಗಿರುತ್ತಾರೆ. ಖಾಲಿ ಡ್ರಮ್ ಇಟ್ಟ ಜಾಗದಲ್ಲಿ ಸಿಗರೇಟ್ ಸೇದುತ್ತಾರೆ, ತುಂಡನ್ನು ಅಲ್ಲೇ ಎಸೆಯುತ್ತಾರೆ. ಆದರೆ ಜಾಸ್ತಿ ಅಪಾಯ ಇರುವುದು ಖಾಲಿ ಡ್ರಮ್‌ನಲ್ಲೇ. ‘ಖಾಲಿ’ ಅನ್ನುವ ಪದ ಏನೂ ಇಲ್ಲ ಅಂತ ನಂಬಿಸುತ್ತದೆ. ಒಳಗೆ ಆವಿ ಇರುತ್ತದೆ.

ಇದು ನಮ್ಮಲ್ಲೂ ದಿನನಿತ್ಯದ ಸಂಗತಿ, ಹಾಗಾಗಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಟೊಲುಯೀನ್ ಆವಿ ಗಾಳಿಯಲ್ಲಿ ಸುಮಾರು 1.2%ರಿಂದ 7%ವರೆಗೆ ಇದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. 200 ಲೀಟರ್ ಡ್ರಮ್‌ನಲ್ಲಿ 1.2% ಆಗಲು ಬೇಕಾದ ಟೊಲುಯೀನ್ ಎಷ್ಟು? ಸುಮಾರು 10 ಎಂಎಲ್. ಎರಡು ಟೀ ಚಮಚ. ಡ್ರಮ್ಮನ್ನು ಎಷ್ಟೇ ಬಗ್ಗಿಸಿ ಖಾಲಿ ಮಾಡಿದರೂ ತಳದ ಮಡಿಕೆಯಲ್ಲಿ ಅಷ್ಟು ಉಳಿದೇ ಉಳಿಯುತ್ತದೆ. ಮುಚ್ಚಳ ಹಾಕಿಟ್ಟರೆ 25 ಡಿಗ್ರಿಯಲ್ಲಿ ಒಳಗಿನ ಆವಿ ತಾನಾಗಿಯೇ 4%ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅಂದರೆ ಸಿಡಿಯುವ ಮಟ್ಟದ ನಟ್ಟನಡುವೆ. ಇಂಥ ಡ್ರಮ್ಮನ್ನು ಯಾರೋ ನೀರಿನ ತೊಟ್ಟಿ ಮಾಡೋಣ ಅಂತ ಗ್ಯಾಸ್ ಕಟರ್‌ನಿಂದ ಕೊಯ್ಯಲು ಹೋದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಗುಜರಿ ಅಂಗಡಿಗಳಲ್ಲಿ ಹೀಗೆ ಪ್ರಾಣ ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿರುತ್ತೀರಿ.

ಟೊಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ಹರಿಯುತ್ತದೆ, ಚರಂಡಿಗೆ ಇಳಿಯುತ್ತದೆ, ಕೇಬಲ್ ಹಾಕಿದ ಕಾಲುವೆಯಲ್ಲಿ ಸೇರಿಕೊಳ್ಳುತ್ತದೆ. ಡ್ರಮ್ ಇಲ್ಲಿ, ಕಿಡಿ ಅಲ್ಲಿ ಅಂತ ಸಮಾಧಾನ ಪಡುವ ಹಾಗಿಲ್ಲ.

ಇಲ್ಲಿ ಫ್ಲ್ಯಾಶ್ ಪಾಯಿಂಟ್ ಬಗ್ಗೆ ಎರಡು ಮಾತು. ದ್ರವ ಎಷ್ಟು ಬಿಸಿಯಾದಾಗ ಅದರ ಮೇಲಿನ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೋ ಅದು ಫ್ಲ್ಯಾಶ್ ಪಾಯಿಂಟ್. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಸಿಟೋನಿಗೆ ಸೊನ್ನೆಗಿಂತ 20 ಡಿಗ್ರಿಯಷ್ಟು ಕೆಳಗೆ. ಟೊಲುಯೀನಿಗೆ 4 ಡಿಗ್ರಿ ಸುಮಾರು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲೂ ಇವೆಲ್ಲ ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತವೆ. ನಮ್ಮ ದೇಶದ 1934ರ ಪೆಟ್ರೋಲಿಯಂ ಕಾಯ್ದೆ ಪೆಟ್ರೋಲಿಯಂ ಪದಾರ್ಥಗಳನ್ನು ಗುಂಪು ಮಾಡುವುದೂ ಇದರ ಮೇಲೆಯೇ. 23 ಡಿಗ್ರಿಗಿಂತ ಕಡಿಮೆ ಇದ್ದರೆ ಎ ವರ್ಗ, 23ರಿಂದ 65ರೊಳಗೆ ಬಿ, 65ರಿಂದ 93ರೊಳಗೆ ಸಿ. ಪೆಟ್ರೋಲ್ ಎ ವರ್ಗದ್ದು, ಡೀಸೆಲ್ ಮತ್ತು ಸೀಮೆಎಣ್ಣೆ ಬಿ. ಲೇಬಲ್ ಮೇಲಿನ ವಿಶೇಷಣಕ್ಕಿಂತ ಈ ಸಂಖ್ಯೆಯನ್ನು ನಂಬಿ ಅಂತ ನಾನು ಸೂಪರ್‌ವೈಸರ್‌ಗಳಿಗೆ ಹೇಳುತ್ತೇನೆ. ಸಂಖ್ಯೆಗೆ ಮುಂದೆ ಹಿಂದೆ ಯಾವ ತುಣುಕೂ ಅಂಟಿಕೊಳ್ಳುವುದಿಲ್ಲ.

ಆದರೆ ಡ್ರಮ್ ಉರುಳಿಸುವವರ ಕೈಯಲ್ಲಿ ಈ ಸಂಖ್ಯೆಗಳೆಲ್ಲ ಇರುವ ಸೇಫ್ಟಿ ಡೇಟಾ ಶೀಟ್ ಇರುವುದಿಲ್ಲ. ಅವರ ಕಣ್ಣೆದುರು ಇರುವುದು ಬೋರ್ಡು. ಹಾಗಾಗಿ ನಾವು ಬೋರ್ಡುಗಳನ್ನು ಬದಲಿಸಲು ಹೊರಟೆವು.

ಆಗ ಬಂದ ಮೊದಲ ಸಲಹೆ ‘ದಹನಶೀಲ ದ್ರವ’. ಸರಕಾರಿ ಕನ್ನಡದಲ್ಲಿ ಅದು ಸರಿ. ನಾನು ಅದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಸ್ಟೋರ್‌ನಲ್ಲಿ ಬಹಳ ವರ್ಷದಿಂದ ಇರುವ ಹಿರಿಯರಿಗೆ ತೋರಿಸಿದೆ.

“ಅಣ್ಣ, ಈ ಬೋರ್ಡ್ ಇದ್ರೆ ಇಲ್ಲಿ ಏನು ಮಾಡಬಾರದು, ಹೇಳಿ.”

ಅವರು ಕಣ್ಣು ಕಿರಿದು ಮಾಡಿ ಓದಿದರು. “ದಹನ... ಸುಡೋದು ಅಲ್ವಾ ಸಾರ್? ಶೀಲ ಅಂದ್ರೆ ಒಳ್ಳೇದು. ಏನೋ ಸುಟ್ಟಿರೋದು ಅಂತಾನಾ?”

ಅಲ್ಲಿಗೆ ಆ ಬೋರ್ಡ್ ಬಿಟ್ಟೆವು. ಇಂಗ್ಲಿಷಿನ ‘ಇನ್’ ಬದಲು ಸಂಸ್ಕೃತದ ‘ಶೀಲ’ ತಂದು ನಿಲ್ಲಿಸಿದರೆ ಏನು ಪ್ರಯೋಜನ? ಕೊನೆಗೆ ಅವರನ್ನೇ ಕೇಳಿದೆ, ನೀವು ಹೊಸ ಹುಡುಗನಿಗೆ ಏನಂತ ಹೇಳ್ತೀರಿ ಅಂತ. “ಬೇಗ ಬೆಂಕಿ ಹತ್ತುತ್ತೆ ಕಣಪ್ಪಾ, ಬೀಡಿ ಗೀಡಿ ಹಚ್ಚಬೇಡ ಅಂತೀನಿ.” ಈಗ ನಮ್ಮ ಸ್ಟೋರ್ ಗೋಡೆಯ ಮೇಲೆ ಇರುವುದು ಬಹುಮಟ್ಟಿಗೆ ಅದೇ ಸಾಲು. ‘ಬೇಗ ಬೆಂಕಿ ಹತ್ತುತ್ತೆ. ಬೀಡಿ, ಲೈಟರ್, ವೆಲ್ಡಿಂಗ್, ಗ್ರೈಂಡಿಂಗ್ ಬೇಡ.’ ಮೇಲೆ ಕೆಂಪು ಚೌಕಟ್ಟಿನೊಳಗೆ ಜ್ವಾಲೆಯ ಚಿತ್ರ. ಕೆಳಗೆ ಹಿಂದಿಯಲ್ಲಿ ಅದೇ ಮಾತು. ಇಂಗ್ಲಿಷಿನಲ್ಲಿ ಫ್ಲೇಮಬಲ್ ಮಾತ್ರ.

ಆಡುಮಾತು ಬೋರ್ಡಿಗೆ ಬೇಡ, ಗಂಭೀರವಾಗಿ ಕಾಣುವುದಿಲ್ಲ ಅಂತ ಆಫೀಸಿನಲ್ಲಿ ಕೆಲವರು ಹೇಳಿದರು. ಅದಕ್ಕೆ ನಾನು ಆಗ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಯ 108ನೇ ಸೆಕ್ಷನ್ ತೆಗೆದು ತೋರಿಸಿದೆ. ಕಾಯ್ದೆಯ ಪ್ರಕಾರ ಹಾಕುವ ನೋಟಿಸುಗಳು ಇಂಗ್ಲಿಷಿನ ಜತೆಗೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ ಅದು ಹೇಳುತ್ತಿತ್ತು. ಅರ್ಥವಾಗುವ ಅನ್ನುವುದೇ ಅಲ್ಲಿ ಮುಖ್ಯ. ಲಿಪಿ ಕನ್ನಡದ್ದಾದ ಮಾತ್ರಕ್ಕೆ ಅರ್ಥ ಆಗಿಬಿಡುವುದಿಲ್ಲ. ಮ್ಯಾನೇಜರ್ ಇದನ್ನು ಒಪ್ಪಿದರು, ಬೋರ್ಡ್ ಹಾಗೇ ಉಳಿಯಿತು.

ಬೋರ್ಡ್ ಪರೀಕ್ಷೆ ಮಾಡುವ ವಿಧಾನವನ್ನೂ ಹೇಳುತ್ತೇನೆ. ಬೇರೆ ಕಡೆ ಸೇಫ್ಟಿ ನೋಡುವವರಿಗೆ ಉಪಯೋಗವಾಗಬಹುದು. “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ, ಸಾಹೇಬರ ಮುಂದೆ ಇಲ್ಲ ಅನ್ನಲು ಯಾರಿಗೂ ಮನಸ್ಸಾಗುವುದಿಲ್ಲ. “ಇದನ್ನು ನೋಡಿದ ಮೇಲೆ ಇಲ್ಲಿ ಏನು ಮಾಡಲ್ಲ?” ಅಂತ ಕೇಳಿ. ಉತ್ತರದಲ್ಲಿ ಬೀಡಿ, ಕಿಡಿ, ಮೊಬೈಲ್ ಚಾರ್ಜರ್ ಇಂಥ ವಸ್ತುಗಳ ಹೆಸರು ಬಂದರೆ ಬೋರ್ಡ್ ಕೆಲಸ ಮಾಡುತ್ತಿದೆ ಅಂತ. ಬರೀ “ಹುಷಾರಾಗಿರ್ತೀನಿ ಸಾರ್” ಅಂತ ಬಂದರೆ ಬೋರ್ಡ್ ಮತ್ತೆ ಬರೆಯಬೇಕು. ಈ ಪ್ರಶ್ನೆಯನ್ನು ಸೂಪರ್‌ವೈಸರ್ ಇಲ್ಲದಾಗ ಕೇಳಿದರೆ ಇನ್ನೂ ಒಳ್ಳೆಯದು.

ಡ್ರಮ್ ಮೇಲೆ ಸಪ್ಲೈಯರ್ ಅಂಟಿಸಿದ ಲೇಬಲ್ ಮುಟ್ಟುವುದಿಲ್ಲ. ಅದರಲ್ಲಿ ಇನ್‌ಫ್ಲೇಮಬಲ್ ಅಂತ ಇದ್ದರೂ ಅದನ್ನು ಮುಚ್ಚಬಾರದು, ಯಾಕೆಂದರೆ ಬ್ಯಾಚ್ ನಂಬರ್, ಸಂಕೇತ ಎಲ್ಲ ಅಲ್ಲೇ ಇರುತ್ತದೆ. ಪಕ್ಕದಲ್ಲಿ ನಮ್ಮ ಸ್ಟಿಕರ್ ಹಚ್ಚುತ್ತೇವೆ. ಖರೀದಿ ವಿಭಾಗದವರು ಈಗ ಆರ್ಡರ್ ಕಳಿಸುವಾಗಲೇ ಲೇಬಲ್‌ನಲ್ಲಿ ಫ್ಲೇಮಬಲ್ ಇರಲಿ ಅಂತ ಒಂದು ಸಾಲು ಸೇರಿಸುತ್ತಾರೆ. ಕೆಲವು ಸಪ್ಲೈಯರ್‌ಗಳು ಬದಲಿಸಿದ್ದಾರೆ. ಕೆಲವರು ಹಳೆಯ ಅಚ್ಚು ಮುಗಿಯಲಿ ಅನ್ನುತ್ತಿದ್ದಾರೆ. ಬಿಡದೆ ಕೇಳುತ್ತಿದ್ದೇವೆ.

ಒಂದು ಮಾತು ಮನೆಯವರಿಗೂ. ಕಾರ್ಖಾನೆ ಬೇಡ, ಮನೆಯ ಕಪಾಟನ್ನೇ ನೋಡಿ. ಉಗುರು ಬಣ್ಣ ತೆಗೆಯುವ ದ್ರವ ಬಹಳ ಸಲ ಅಸಿಟೋನೇ. ಡಿಯೋಡರೆಂಟ್ ಡಬ್ಬಿ, ಸೊಳ್ಳೆ ಸ್ಪ್ರೇ, ಬಾಗಿಲಿಗೆ ಹಚ್ಚಿ ಉಳಿದ ಪಾಲಿಶ್, ಟರ್ಪೆಂಟೈನ್. ಕೊರೊನಾ ಕಾಲದಲ್ಲಿ ಕೊಂಡ ಸ್ಯಾನಿಟೈಸರ್ ಈಗಲೂ ಎಷ್ಟೋ ಮನೆಗಳ ಅಡುಗೆಮನೆ ಕಟ್ಟೆಯ ಮೇಲೆ, ಒಲೆ ಪಕ್ಕದಲ್ಲೇ ಇದೆ. 80% ಎಥನಾಲ್ ಇರುವ ಸ್ಯಾನಿಟೈಸರಿನ ಫ್ಲ್ಯಾಶ್ ಪಾಯಿಂಟ್ 17.5 ಡಿಗ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದರ ತಯಾರಿಕೆಯ ಕೈಪಿಡಿಯಲ್ಲೇ ಬರೆದಿದೆ. ಅಂದರೆ ನಮ್ಮ ಅಡುಗೆಮನೆಯ ಮಾಮೂಲಿ ಬಿಸಿಗೇ ಅದು ತಯಾರು. ಕೈಗೆ ಹಚ್ಚಿಕೊಂಡು ಪೂರ್ತಿ ಒಣಗುವ ಮೊದಲು ಲೈಟರ್ ಹಿಡಿಯಬೇಡಿ. ಬಾಟಲಿಯ ಮೇಲೆ ಫ್ಲೇಮಬಲ್ ಅಂತಿರಲಿ, ಇನ್‌ಫ್ಲೇಮಬಲ್ ಅಂತಿರಲಿ, ಒಲೆಯಿಂದ ದೂರ ಇಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಎರಡೂ ಪದ ತೋರಿಸಿ ಅರ್ಥ ಕೇಳಿ ನೋಡಿ. ಜಾಣ ಮಕ್ಕಳೇ ಮೊದಲು ತಪ್ಪು ಹೇಳುತ್ತಾರೆ, ಬೈಯಬೇಡಿ.

ನಮ್ಮಲ್ಲಿ ಈಗ ಬಾಕಿ ಇರುವುದು ಖಾಲಿ ಡ್ರಮ್ ಅಂಗಳದ ಬೋರ್ಡ್. ಅಲ್ಲಿ ‘ಎಂಪ್ಟಿ ಡ್ರಮ್ಸ್’ ಅಂತಷ್ಟೇ ಇದೆ, ವೋರ್ಫ್ ಕಾಲದಲ್ಲಿ ಇದ್ದ ಹಾಗೇ. ಅದನ್ನು ತೆಗೆದು ‘ಖಾಲಿ ಡ್ರಮ್‌ನಲ್ಲಿ ಆವಿ ಇದೆ, ಸಿಡಿಯುತ್ತೆ’ ಅಂತ ಹಾಕಬೇಕು ಅಂತ ಸೇಫ್ಟಿ ಕಮಿಟಿಯಲ್ಲಿ ತೀರ್ಮಾನ ಆಗಿದೆ. ಡ್ರಮ್ ಎತ್ತಲು ಬರುವ ಗುಜರಿಯವರ ಜತೆ ಒಡಿಶಾದ ಹುಡುಗರೂ ಇರುತ್ತಾರೆ. ಅವರಿಗೆ ಒಡಿಯಾದಲ್ಲಿ ಆ ಸಾಲು ಬೇಕು. ಅವರೂರಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಗೆ ಹೇಳುತ್ತಾರೆ ಅಂತ ಅವರನ್ನೇ ಕೂರಿಸಿಕೊಂಡು ಕೇಳಿ, ಬರೆಸಿ, ಅವರಿಂದಲೇ ಓದಿಸಿ ನೋಡಿದ ಮೇಲೆ ಬೋರ್ಡ್ ಅಚ್ಚಿಗೆ ಹೋಗುತ್ತದೆ.